ಬೇಸಿಗೆ ರಜೆಗೆ ಒಂದು ಸಿಂಹ

ಮಕ್ಕಳು ಕೈಮೀರಿ ಹೋಗುತ್ತಿದ್ದಾರೆ. ಮೂರು ಹೊತ್ತೂ ಮೊಬೈಲು. ಅಪ್ಪನ ಜೊತೆ ಮಾತಿಲ್ಲ, ಅಮ್ಮನ ಜೊತೆ ಕೂತು ಊಟವಿಲ್ಲ. ಈ ಕಾಯಿಲೆಗೆ ನಮ್ಮಲ್ಲಿ ಇನ್ನೂ ಮದ್ದು ಸಿಕ್ಕಿಲ್ಲ. ಬೇಸಿಗೆ ಶಿಬಿರಕ್ಕೆ ಸೇರಿಸಿ, ಜೇಡಿಮಣ್ಣಿನಲ್ಲಿ ಒಂದು ಗಣಪತಿ ಮಾಡಿಸಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ಅಮೆರಿಕದ ಕಾಸಿರುವ ಅಪ್ಪಂದಿರು ನಮಗಿಂತ ಮುಂದಿದ್ದಾರೆ. ಸಂಸಾರ ಸಮೇತ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಾರೆ. ಅಲ್ಲಿ ಮಗನ ಕೈಗೆ ರೈಫಲ್ ಕೊಡುತ್ತಾರೆ. ಮಗ ಕುಡು ಅನ್ನುವ ದೊಡ್ಡ ಜಿಂಕೆಯನ್ನೋ, ಜೀಬ್ರಾವನ್ನೋ, ಅಪ್ಪನ ಜೇಬು ಗಟ್ಟಿ ಇದ್ದರೆ ಒಂದು ಸಿಂಹವನ್ನೋ ಹೊಡೆಯುತ್ತಾನೆ. ಆಮೇಲೆ ಎಲ್ಲರೂ ಅದರ ಹಿಂದೆ ಕೂತು ನಗುತ್ತಾರೆ. ಮನೆಯಲ್ಲಿ ಒಗ್ಗಟ್ಟು ಬಂತು.

ಕಾಲವೂ ಕೂಡಿ ಬರುತ್ತದೆ. ಅಮೆರಿಕದಲ್ಲಿ ಶಾಲೆಗೆ ರಜೆ ಇರುವ ಜೂನ್, ಜುಲೈ ತಿಂಗಳಲ್ಲಿ ಆಫ್ರಿಕಾದ ಆ ತುದಿಗೆ ಚಳಿಗಾಲ. ಹುಲ್ಲು ಒಣಗಿ, ಪೊದೆಯ ಎಲೆ ಉದುರಿ, ಪ್ರಾಣಿ ದೂರದಿಂದಲೇ ಕಾಣುತ್ತದೆ. ಶಾಲೆಯ ಕ್ಯಾಲೆಂಡರ್ ನೋಡಿಕೊಂಡೇ ದೇವರು ಋತು ಮಾಡಿದ ಹಾಗಿದೆ.

ಈ ಪ್ರವಾಸ ನಡೆಸುವ ಬೇಟೆ ಕಂಪನಿಗಳ ದರಪಟ್ಟಿ ಓದಲು ಬಲು ಮಜ. ದಿನದ ಬಾಡಿಗೆ ಬೇರೆ, ಪ್ರಾಣಿಯ ರೇಟು ಬೇರೆ. ಬೇಟೆಯಾಡುವವನಿಗೆ ದಿನಕ್ಕೆ ಇಷ್ಟು. ಸುಮ್ನೆ ಜೊತೆಗೆ ಬಂದು ನೋಡುವವರಿಗೆ, ಅಂದರೆ ಹೆಚ್ಚಾಗಿ ಅಮ್ಮನಿಗೆ, ದಿನಕ್ಕೆ ಇಷ್ಟು. ಅದರ ಕೆಳಗೆ ಪ್ರಾಣಿಗಳ ಪಟ್ಟಿ. ಇಂಪಾಲ ಜಿಂಕೆಗೆ ಕೆಲವು ನೂರು ಡಾಲರ್. ಸುರುಳಿ ಕೊಂಬಿನ ಕುಡುವಿಗೆ ಎರಡು ಮೂರು ಸಾವಿರ. ಕಾಡೆಮ್ಮೆಗೆ ಹತ್ತು ಸಾವಿರದ ಆಚೀಚೆ. ಸೇಬಲ್ ಅಂತ ಒಂದು ಕಪ್ಪನೆಯ ಪ್ರಾಣಿ ಇದೆ, ಅದಕ್ಕೆ ಕೆಲವರು ಕೊಂಬಿನ ಇಂಚಿನ ಮೇಲೆ ದರ ಹಾಕುತ್ತಾರೆ. ಹೊಡೆದ ಮೇಲೆ ಟೇಪು ಹಿಡಿದು ಅಳೆದು ಬಿಲ್ ಬರೆಯುತ್ತಾರೆ. ಬಬೂನ್ ಕೋತಿಗೆ ಚಿಲ್ಲರೆ ಕಾಸು, ಕೆಲವು ಕಡೆ ಫ್ರೀ. ತರಕಾರಿ ಜಾಸ್ತಿ ಕೊಂಡವರ ಚೀಲಕ್ಕೆ ಎರಡು ಕಡ್ಡಿ ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ.

ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ನಿಯಮ ಇರುತ್ತದೆ. ಗಾಯವಾಗಿ ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ದುಡ್ಡು. ಅಂದರೆ ಒಂದು ತೊಟ್ಟು ರಕ್ತ ಕಂಡರೆ ಸಾಕು, ಮೀಟರ್ ಬಿತ್ತು ಅಂತಲೇ ಲೆಕ್ಕ. ಮಗನ ಗುಂಡು ಎಲ್ಲಿಗೋ ಹೋಗಿದೆ, ಪ್ರಾಣಿ ಪೊದೆಗೆ ನುಗ್ಗಿದೆ ಅಂದುಕೊಳ್ಳಿ. ಜಾಡು ಹಿಡಿಯುವ ಕೆಲಸದವನು ನೆಲಕ್ಕೆ ಬಗ್ಗಿ ಒಂದೊಂದೇ ಹುಲ್ಲಿನ ಗರಿ ತಿರುಗಿಸಿ ನೋಡುತ್ತಾನೆ. ಪಕ್ಕದಲ್ಲೇ ಅಪ್ಪನೂ ಬಗ್ಗಿರುತ್ತಾನೆ. ಎಲೆಯ ಮೇಲೆ ಕೆಂಪಗೆ ಏನೋ ಕಂಡಿದೆ. ಅದು ಕೆಮ್ಮಣ್ಣಾಗಿರಲಿ, ಯಾವುದಾದರೂ ಹಣ್ಣಿನ ರಸವಾಗಿರಲಿ ಅಂತ ಅಪ್ಪ ಗೊತ್ತಿರುವ ದೇವರನ್ನೆಲ್ಲ ನೆನೆಯುತ್ತಾನೆ. ಕೆಲಸದವನು ಬೆರಳಿಗೆ ಹಚ್ಚಿಕೊಂಡು ನೋಡಿ ತಲೆ ಆಡಿಸುತ್ತಾನೆ. ಎರಡೂವರೆ ಸಾವಿರ ಡಾಲರ್. ಇಡೀ ಪ್ರವಾಸದಲ್ಲಿ ಅಪ್ಪ ಒಂದು ಪ್ರಾಣಿಗಾಗಿ ಮನಸಾರೆ ನೊಂದುಕೊಳ್ಳುವುದು ಇಲ್ಲೇ.

ಹುಡುಗನಿಗೆ ಧೈರ್ಯ ಬರುತ್ತದೆ, ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತಾನೆ ಅಂತ ಈ ಅಪ್ಪಂದಿರು ಹೇಳುತ್ತಾರೆ. ನಿಜ ಇರಬಹುದು. ಆದರೆ ದಕ್ಷಿಣ ಆಫ್ರಿಕಾದ ಕಾನೂನಿನ ಪ್ರಕಾರ ಹೊರದೇಶದ ಬೇಟೆಗಾರ ಲೈಸೆನ್ಸ್ ಇರುವ ವೃತ್ತಿಪರ ಬೇಟೆಗಾರನಿಲ್ಲದೆ ಬೇಟೆ ಆಡುವ ಹಾಗಿಲ್ಲ. ಆತನೇ ಪ್ರಾಣಿ ಹುಡುಕುತ್ತಾನೆ. ಯಾವುದು ಮುದಿ ಗಂಡು, ಯಾವುದು ಬೇಡ ಅಂತ ಹೇಳುತ್ತಾನೆ. ಮೂರು ಕಾಲಿನ ಕೋಲು ನೆಟ್ಟು, ಅದರ ಮೇಲೆ ರೈಫಲ್ ಇಟ್ಟು, ದುರ್ಬೀನು ಸರಿ ಮಾಡಿ, ಭುಜದ ಹಿಂದೆ ಹೊಡಿ ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಗುರಿ ತಪ್ಪಿದರೆ ಇರಲಿ ಅಂತ ತಾನೂ ಒಂದು ಬಂದೂಕು ಹಿಡಿದು ನಿಂತಿರುತ್ತಾನೆ. ಜೀಪು ಓಡಿಸಲು ಒಬ್ಬ, ಜಾಡು ನೋಡಲು ಒಬ್ಬ, ಚರ್ಮ ಸುಲಿಯಲು ಇನ್ನೊಬ್ಬ. ಹುಡುಗನ ಪಾಲಿಗೆ ಉಳಿಯುವುದು ಬಲಗೈ ತೋರುಬೆರಳಿನ ಕೆಲಸ. ಅದು ಮೊಬೈಲಿನಲ್ಲಿ ಮೊದಲೇ ಪಳಗಿದ ಬೆರಳು.

ಅಸಲಿ ಕೆಲಸ ಶುರುವಾಗುವುದು ಪ್ರಾಣಿ ಸತ್ತ ಮೇಲೆ. ಫೋಟೋ ತೆಗೆಯಬೇಕಲ್ಲ. ಮೊದಲು ಪ್ರಾಣಿಯನ್ನು ಎಳೆದು ಬಿಸಿಲಿನ ಕಡೆಗೆ ತಿರುಗಿಸುತ್ತಾರೆ. ಕಾಲುಗಳನ್ನು ಮಡಚಿ, ಮಲಗಿ ಮೆಲುಕು ಹಾಕುತ್ತಿದೆಯೇನೋ ಅನ್ನುವ ಹಾಗೆ ಕೂರಿಸುತ್ತಾರೆ. ಕತ್ತಿನ ಕೆಳಗೆ ಕಲ್ಲಿಟ್ಟು ತಲೆ ಎತ್ತುತ್ತಾರೆ. ಹೊರಗೆ ಜೋತ ನಾಲಿಗೆಯನ್ನು ಒಳಗೆ ತುರುಕುತ್ತಾರೆ. ಮುಂದಿನ ಹುಲ್ಲು ಕತ್ತರಿಸುತ್ತಾರೆ. ನೀರು ಹಾಕಿ ಮೂತಿಯ ರಕ್ತ ತೊಳೆಯುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಅದೇ ರಕ್ತವನ್ನು ಬೆರಳಿನಲ್ಲಿ ತೆಗೆದು ಹುಡುಗನ ಕೆನ್ನೆಗೆ ಬಳಿಯುತ್ತಾರೆ. ಮೊದಲ ಬೇಟೆಗೆ ಹೀಗೆ ಮಾಡಬೇಕಂತೆ, ಸಂಪ್ರದಾಯ. ಸತ್ತದ್ದು ಚೊಕ್ಕಟವಾಗಿರಬೇಕು, ಬದುಕಿರುವವನ ಮುಖ ರಕ್ತವಾಗಿರಬೇಕು. ಆಮೇಲೆ ಹುಡುಗನನ್ನು ಪ್ರಾಣಿಯಿಂದ ನಾಲ್ಕು ಹೆಜ್ಜೆ ಹಿಂದೆ ಕೂರಿಸುತ್ತಾರೆ. ಆಗ ಪ್ರಾಣಿ ದೊಡ್ಡದಾಗಿ ಕಾಣುತ್ತದೆ. ಹುಡುಗ ಚಿಕ್ಕವನಾಗಿ ಕಾಣುತ್ತಾನೆ, ಅದಕ್ಕೆ ಬೇಜಾರಿಲ್ಲ, ಎಷ್ಟು ಚಿಕ್ಕವನಾದರೆ ಅಪ್ಪನಿಗೆ ಅಷ್ಟು ಹೆಮ್ಮೆ.

ಇನ್ನು ಸಿಂಹದ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಬೇಲಿಯೊಳಗೆ ಸಾಕಿ ಬೆಳೆಸಿದ ಸಿಂಹಗಳು ಸಾವಿರಾರು ಇವೆ. ಕಾಡಿನಲ್ಲಿರುವುದಕ್ಕಿಂತ ಅವೇ ಜಾಸ್ತಿ. ಮರಿಯನ್ನು ತಾಯಿಯಿಂದ ಬಿಡಿಸಿ ಬಾಟಲಿ ಹಾಲು ಕೊಟ್ಟು ಬೆಳೆಸುತ್ತಾರೆ. ಹಾಲು ಕುಡಿಸಲು ಹೊರದೇಶದಿಂದ ಬರುವ ಸ್ವಯಂಸೇವಕರೇ ಕೈಯಿಂದ ದುಡ್ಡು ಕೊಡುತ್ತಾರೆ. ಮರಿಯನ್ನು ಮುದ್ದಾಡಲು ಪ್ರವಾಸಿಗರು ಕೊಡುತ್ತಾರೆ. ಸ್ವಲ್ಪ ಬೆಳೆದರೆ ಅದರ ಜೊತೆ ವಾಕಿಂಗ್ ಹೋಗಲು ಕೊಡುತ್ತಾರೆ. ಪೂರ್ತಿ ಬೆಳೆದರೆ ಅದನ್ನು ಹೊಡೆಯಲು ಕೊಡುತ್ತಾರೆ. ಸತ್ತ ಮೇಲೆ ಮೂಳೆಗೂ ಏಷ್ಯಾದಲ್ಲಿ ಗಿರಾಕಿ ಇದೆ. 2017ರಲ್ಲಿ 800 ಅಸ್ಥಿಪಂಜರ ರಫ್ತು ಮಾಡಬಹುದು ಅಂತ ಸರ್ಕಾರವೇ ಕೋಟಾ ಕೊಟ್ಟಿತ್ತು. ಹುಟ್ಟಿದಾಗಿನಿಂದ ಮೂಳೆಯಾಗುವವರೆಗೆ ಒಂದು ದಿನವೂ ಬಿಟ್ಟಿ ಕೂತು ತಿನ್ನದ ಪ್ರಾಣಿ ಇದೊಂದೇ ಇರಬೇಕು.

ಹಾಗಂತ ಬೋನಿನಲ್ಲೇ ಹೊಡೆದರೆ ಅದು ಬೇಟೆ ಆಗುವುದಿಲ್ಲ. ನಿಯಮ ಅಂತ ಒಂದಿದೆಯಲ್ವಾ? ಸಾಕಿದ ಸಿಂಹದ ಬೇಟೆಗೆ ಹೆಸರಾದ ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ ಬೇಟೆಗೆ 96 ಗಂಟೆ ಮೊದಲು ಸಿಂಹವನ್ನು ದೊಡ್ಡ ಬೇಲಿಯೊಳಗೆ ಬಿಡಬೇಕು. ನಾಲ್ಕು ದಿನ. ಇಷ್ಟರಲ್ಲಿ ಬಾಟಲಿ ಹಾಲು ಕುಡಿದ ಸಿಂಹ ಕಾಡಿನ ರಾಜನಾಗಿ ಬಡ್ತಿ ಪಡೆಯಬೇಕು. ಐದನೇ ದಿನ ಜೀಪಿನ ಸದ್ದು ಕೇಳಿದರೆ ಊಟ ಬಂತು ಅಂತ ಅದೇ ಎದ್ದು ಬಂದರೆ, ಹುಡುಗನ ಧೈರ್ಯಕ್ಕೆ ಸ್ವಲ್ಪ ಕುಂದು ಬರುತ್ತದೆ, ಅಷ್ಟೇ.

ಇನ್ನೊಂದು ತಮಾಷೆ. ಸಿಂಹದ ಜೊತೆ ವಾಕಿಂಗ್ ಮಾಡಿಸುವ ಜಾಗಗಳಲ್ಲಿ ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ವಯಸ್ಸು ಕೇಳುತ್ತಾರೆ, ಎತ್ತರ ನೋಡುತ್ತಾರೆ. ಮಕ್ಕಳ ಸುರಕ್ಷತೆಯ ಪ್ರಶ್ನೆ. ಅದೇ ಸಿಂಹವನ್ನು ಹೊಡೆಯಲು ಎತ್ತರ ಯಾರೂ ಕೇಳುವುದಿಲ್ಲ. ಅಲ್ಲಿ ಬಂದೂಕಿನ ಲೈಸೆನ್ಸ್ ಬೇಕಾದರೆ ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಲೈಸೆನ್ಸ್ ಇರುವ ದೊಡ್ಡವರು ಪಕ್ಕದಲ್ಲಿ ನಿಂತು ಮಗುವಿನ ಕೈಗೆ ಕೊಟ್ಟರೆ ಅಭ್ಯಂತರವಿಲ್ಲ.

2021ರಲ್ಲಿ ಅಲ್ಲಿನ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಈ ಸಿಂಹ ಸಾಕಣೆ ನಿಲ್ಲಿಸುತ್ತೇವೆ ಅಂತ ಘೋಷಿಸಿದರು. ಅಮೆರಿಕ ಇನ್ನೂ ಮೊದಲೇ, 2016ರಲ್ಲೇ, ಸಾಕಿದ ಸಿಂಹದ ತಲೆ, ಚರ್ಮ ಮನೆಗೆ ತರಬೇಡಿ ಅಂದಿತು. ಹೊಡೆಯಬೇಡಿ ಅನ್ನಲಿಲ್ಲ.

ಅಪ್ಪ ಮಗ ಕೂಡಿ ಆಡುವ ಬೇಟೆಗೆ ಅಮೆರಿಕದಲ್ಲಿ ದೊಡ್ಡ ಮನೆತನದ ಮೇಲ್ಪಂಕ್ತಿಯೇ ಇದೆ. ಅಧ್ಯಕ್ಷ ಪದವಿಯಿಂದ ಇಳಿದು ತಿಂಗಳು ತುಂಬುವ ಮೊದಲೇ, 1909ರ ಮಾರ್ಚ್‌ನಲ್ಲಿ, ಥಿಯೊಡೋರ್ ರೂಸ್ವೆಲ್ಟ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದ 19ರ ಮಗ ಕೆರ್ಮಿಟ್‌ನನ್ನು ಕಟ್ಟಿಕೊಂಡು ಆಫ್ರಿಕಾಕ್ಕೆ ಹೊರಟರು. ಒಂದು ವರ್ಷದಲ್ಲಿ ಅಪ್ಪ ಮಗ ಸೇರಿ 512 ಪ್ರಾಣಿ ಹೊಡೆದರು. ಅದರಲ್ಲಿ 17 ಸಿಂಹ, 11 ಆನೆ, 20 ಘೇಂಡಾಮೃಗ. ಹೆಚ್ಚಿನವು ಮ್ಯೂಸಿಯಂಗೆ, ವಿಜ್ಞಾನಕ್ಕೆ. ಇದೇ ರೂಸ್ವೆಲ್ಟ್ 1902ರಲ್ಲಿ ಮಿಸಿಸಿಪ್ಪಿಯಲ್ಲಿ, ಮರಕ್ಕೆ ಕಟ್ಟಿಹಾಕಿದ ಕರಡಿಯನ್ನು ಹೊಡೆಯುವುದು ನ್ಯಾಯದ ಬೇಟೆಯಲ್ಲ ಅಂತ ಬಂದೂಕು ಕೆಳಗಿಟ್ಟವರು. ಆ ಕಥೆಯಿಂದಲೇ ಟೆಡ್ಡಿ ಬೇರ್ ಬಂತು, ಊರೂರಿನ ಮಕ್ಕಳ ಮಂಚ ಹತ್ತಿತು. (ಆ ಕರಡಿಯನ್ನು ಆಮೇಲೆ ಬೇರೆಯವರು ಕೊಂದರು. ನೋವಿನಿಂದ ಬಿಡಿಸಿ ಅಂತ ಹೇಳಿದವರೂ ರೂಸ್ವೆಲ್ಟೇ. ಗೊಂಬೆಯ ಅಂಗಡಿಯಲ್ಲಿ ಇದನ್ನು ಹೇಳುವುದಿಲ್ಲ.) ಕಟ್ಟಿದ ಹಗ್ಗ ಕಣ್ಣಿಗೆ ಕಂಡಿದ್ದೇ ಅಂದು ತೊಂದರೆಯಾಯಿತು. ಬೇಲಿ ಸ್ವಲ್ಪ ದೂರ ಹಾಕಿದ್ದರೆ ಇವತ್ತು ಟೆಡ್ಡಿ ಬೇರ್ ಇರುತ್ತಿರಲಿಲ್ಲ.

ಮಕ್ಕಳನ್ನು ಎಷ್ಟು ಬೇಗ ಶುರು ಮಾಡಿಸಬೇಕು ಅಂತ ಕೇಳುವವರು ವಿಸ್ಕಾನ್ಸಿನ್ ರಾಜ್ಯದ ಕಡೆ ನೋಡಬಹುದು. ಅಲ್ಲಿ ದೊಡ್ಡವರ ಜೊತೆ ಬೇಟೆಗೆ ಹೋಗಲು ಹತ್ತು ವರ್ಷ ಆಗಿರಬೇಕಿತ್ತು. 2017ರ ನವೆಂಬರ್‌ನಲ್ಲಿ ಆ ಮಿತಿಯನ್ನೇ ತೆಗೆದರು. ಕಾನೂನು ಬಂದ ಕೆಲವೇ ದಿನಗಳಲ್ಲಿ ಒಂದು ವರ್ಷ ತುಂಬದ 10 ಕೂಸುಗಳ ಹೆಸರಿನಲ್ಲಿ ಲೈಸೆನ್ಸ್ ಮಾರಾಟವಾಯಿತು. ಕತ್ತು ನಿಲ್ಲುವ ಮೊದಲೇ ಗುರಿ. ನಮ್ಮ ಕೊಡಗಿನಲ್ಲೂ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ ಇದೆ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಬಾಣ ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಾರೆ. ಆ ಬಾಣಕ್ಕೆ ಸೊಳ್ಳೆಯೂ ಸಾಯುವುದಿಲ್ಲ. ಅರ್ಜಿ ತುಂಬಿ, ಶುಲ್ಕ ಕಟ್ಟಿ, ರಸೀದಿ ಪಡೆಯುವಷ್ಟು ನಾವು ಮುಂದುವರಿದಿಲ್ಲ.

ಬೇಟೆಯ ದುಡ್ಡಿನಿಂದಲೇ ಕಾಡು ಉಳಿಯುತ್ತದೆ ಅನ್ನುವ ವಾದ ಇದೆ. ಇದನ್ನು ಪೂರ್ತಿ ತಳ್ಳಿಹಾಕಲು ನಾನೂ ತಯಾರಿಲ್ಲ. ನಮೀಬಿಯಾದಲ್ಲಿ 1996ರ ಕಾನೂನು ಬಂದ ಮೇಲೆ ಹಳ್ಳಿಯವರೇ ಕೂಡಿ ತಮ್ಮ ನೆಲದ ವನ್ಯಜೀವಿ ನೋಡಿಕೊಳ್ಳುತ್ತಾರೆ. ಬೇಟೆಯ ದುಡ್ಡು, ಮಾಂಸ ಎರಡೂ ಊರಿಗೆ ಬರುತ್ತದೆ. ಅಲ್ಲಿ ಪ್ರಾಣಿ ಬದುಕಿದ್ದರೆ ಊರಿಗೆ ಲಾಭ. ಆದರೆ ಆ ಲೆಕ್ಕಕ್ಕೆ ಬೇಕಾದದ್ದು ಅಪ್ಪನ ಚೆಕ್ಕು ಮಾತ್ರ. ಏಳು ವರ್ಷದ ಹುಡುಗಿ ಕೆನ್ನೆಗೆ ರಕ್ತ ಬಳಿದುಕೊಳ್ಳದಿದ್ದರೆ ಕಾಡು ನಾಶವಾಗುತ್ತದೆ ಅಂತ ನಮೀಬಿಯಾದ ಯಾವ ಹಳ್ಳಿಯವನೂ ಹೇಳಿದ್ದನ್ನು ನಾನು ಕೇಳಿಲ್ಲ.

ರಜೆ ಮುಗಿದು ಸಂಸಾರ ವಿಮಾನ ಹತ್ತುತ್ತದೆ. ತಲೆ, ಚರ್ಮ ಜೊತೆಗೆ ಹೋಗುವುದಿಲ್ಲ. ಉಪ್ಪು ಹಾಕಿ, ಔಷಧಿಯಲ್ಲಿ ಅದ್ದಿ, ಪೆಟ್ಟಿಗೆ ಕಟ್ಟಿ, ಕಾಗದಪತ್ರ ಮಾಡಿಸಿ ಕಳಿಸಲು ತಿಂಗಳುಗಟ್ಟಲೆ ಬೇಕು. ಅದರ ಖರ್ಚು ದರಪಟ್ಟಿಯಲ್ಲಿ ಸೇರಿಲ್ಲ ಅಂತ ಅಪ್ಪನಿಗೆ ಗೊತ್ತಾಗುವುದು ಆವಾಗಲೇ. ಸತ್ತ ಪ್ರಾಣಿಯ ಚರ್ಮದೊಳಗೆ ಅಚ್ಚು ಕೂರಿಸಿ ಜೀವಂತ ಅನ್ನುವ ಹಾಗೆ ನಿಲ್ಲಿಸುವ ಕಸುಬಿನಲ್ಲಿ ಒಂದು ಕಾಲಕ್ಕೆ ನಮ್ಮ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯದ್ದು ಜಗತ್ತಿನಲ್ಲೇ ದೊಡ್ಡ ಹೆಸರು. ರಾಜರು, ಬ್ರಿಟಿಷ್ ಸಾಹೇಬರು ಹೊಡೆದ ಹುಲಿ, ಚಿರತೆಗಳು ಸಾವಿರಗಟ್ಟಲೆ ಅಲ್ಲಿಗೆ ಬಂದು ಹಲ್ಲು ಕಿರಿಯುವುದನ್ನು ಕಲಿತು ಹೋದವು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದು ಕಸುಬು ಸೊರಗಿತು, 1999ರಲ್ಲಿ ಬಾಗಿಲು ಹಾಕಿತು. ಅಮೆರಿಕದಲ್ಲಿ ಈ ಕೆಲಸ ಮಾಡುವವರಿಗೆ ಇನ್ನೂ ಕೈತುಂಬ ಆರ್ಡರ್.

ಆ ಸಂಸಾರದ ಮಗಳು ಹೊಡೆದದ್ದು ಬಬೂನ್, ಆ ಫ್ರೀ ಕೋತಿ. ಎಂಬತ್ತು ಗಜ ದೂರದಲ್ಲಿ ಬಿಸಿಲು ಕಾಯಿಸುತ್ತಾ, ಕಂಕುಳು ಕೆರೆದುಕೊಳ್ಳುತ್ತಾ ಕೂತಿತ್ತು. ಆರ್ಡರ್ ಫಾರಂನಲ್ಲಿ ಕೇಳಿದ್ದಾರೆ: ಬಾಯಿ ಮುಚ್ಚಿರಬೇಕೋ, ಹಲ್ಲು ಕಿರಿದು ಮೇಲೆ ಎರಗುವ ಹಾಗಿರಬೇಕೋ? ಎರಗುವ ಹಾಗಿದ್ದರೆ ಚಾರ್ಜು ಜಾಸ್ತಿ. ಅಪ್ಪ ಹಿಂದೆಮುಂದೆ ನೋಡದೆ ಎರಡನೆಯದಕ್ಕೆ ಟಿಕ್ ಹಾಕುತ್ತಾನೆ.