ಇನ್‌ವರ್ಡ್ ನಂಬರ್ ಕೊಡಿಸಿದ ಸಾಹೇಬರು

ನಮ್ಮ ವಿಶ್ವವಿದ್ಯಾಲಯಗಳ ಬಗ್ಗೆ ಮಾತು ಶುರುವಾದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಅಂಕಪಟ್ಟಿ ಬಂದಿಲ್ಲ. ಪಿಂಚಣಿಗೆ ದುಡ್ಡಿಲ್ಲ. ಅತಿಥಿ ಉಪನ್ಯಾಸಕರಿಗೆ ತಿಂಗಳುಗಟ್ಟಲೆ ಸಂಬಳ ಆಗಿಲ್ಲ. ನೇಮಕಾತಿಯಲ್ಲಿ ಗೋಲ್‌ಮಾಲ್. ಎಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: "ಅಲ್ಲಿ ಇರೋರೆಲ್ಲ ಕಳ್ಳರೇ ಬಿಡಿ."

ಈ ಕೊನೆಯ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾನು ಪದವಿ ಕಾಲೇಜಿನ ಮೇಷ್ಟ್ರು. ಪರೀಕ್ಷೆ ಕೆಲಸ, ಮೌಲ್ಯಮಾಪನ, ಹುಡುಗರ ಅಂಕಪಟ್ಟಿ ಅಂತ 22 ವರ್ಷಗಳಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಅಲ್ಲಿನ ಕೆಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಮುಚ್ಚಿಡಲು ಈ ಬರಹ ಬರೆಯುತ್ತಿಲ್ಲ. ಆದರೆ ಅದೇ ಕಟ್ಟಡದಲ್ಲಿ, ಅದೇ ಫೈಲುಗಳ ರಾಶಿಯಲ್ಲಿ, ಹಲ್ಲು ಕಚ್ಚಿ ಕೆಲಸ ಮಾಡಿದವರನ್ನೂ ಕಂಡಿದ್ದೇನೆ. ಎಲ್ಲರೂ ಕಳ್ಳರು ಅಂದುಬಿಟ್ಟರೆ ನಿಜವಾದ ಕಳ್ಳನಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ ಹೇಳಿ? ಅವನು ಗುಂಪಿನಲ್ಲಿ ಗೋವಿಂದ ಅಂತ ಸೇರಿಕೊಳ್ಳುತ್ತಾನೆ. ನೆಟ್ಟಗೆ ಕೆಲಸ ಮಾಡಿದವರು "ಇಷ್ಟು ಮಾಡಿ ನನಗೇನು ಸಿಕ್ಕಿತು" ಅಂತ ಕೈಚೆಲ್ಲುತ್ತಾರೆ.

ಒಂದು ಘಟನೆ ಹೇಳುತ್ತೇನೆ. ವಿಶ್ವವಿದ್ಯಾಲಯದ ಹೆಸರು ಬೇಡ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂತು. ಐದನೇ ಸೆಮಿಸ್ಟರಿನ ಅಂಕಪಟ್ಟಿ ಮಾತ್ರ ಕೈಗೆ ಬಂದಿರಲಿಲ್ಲ. ನೆಟ್‌ನಲ್ಲಿ ನೋಡಿದರೆ ಒಂದು ವಿಷಯದ ಮುಂದೆ 'ಗೈರುಹಾಜರು' ಅಂತಿತ್ತು. ಹುಡುಗಿ ಪರೀಕ್ಷೆ ಬರೆದಿದ್ದಳು. ಹಾಜರಿ ಪಟ್ಟಿಯಲ್ಲಿ ಸಹಿ ಇತ್ತು. ಅವತ್ತು ಆ ಕೊಠಡಿಯ ಮೇಲ್ವಿಚಾರಕ ನಾನೇ. ಅರ್ಜಿ ಕೊಟ್ಟು ಒಂದು ವರ್ಷ ಎರಡು ತಿಂಗಳಾಗಿತ್ತು. ನಾಲ್ಕು ಸಲ ಹೋಗಿ ಬಂದಿದ್ದಳು. ಹೋದಾಗಲೆಲ್ಲ "ಇನ್ನೊಂದು ಅರ್ಜಿ ಕೊಟ್ಟು ಹೋಗಮ್ಮ" ಅನ್ನುತ್ತಿದ್ದರಂತೆ. ಮೊದಲನೆಯದು ಎಲ್ಲಿ ಹೋಯಿತು ಅಂದರೆ ಯಾರ ಹತ್ತಿರವೂ ಉತ್ತರವಿಲ್ಲ. ಗೇಟಿನ ಹೊರಗೆ ಜೆರಾಕ್ಸ್ ಅಂಗಡಿ ಮುಂದೆ ನಿಂತಿದ್ದ ಒಬ್ಬ ಮಾತ್ರ "ನಾಳೆ ಸಂಜೆಗೆ ಮಾಡಿಸಿಕೊಡ್ತೀನಿ" ಅಂತ ರೇಟು ಹೇಳಿದ್ದ.

ಐದನೇ ಸಲ ನಾನೂ ಜೊತೆಗೆ ಹೋದೆ. ಕೌಂಟರ್ ಪಕ್ಕದಲ್ಲಿ ಒಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹುಡುಗರ ನಡುವೆಯೇ ಕೂತಿದ್ದರು. ತೊಡೆಯ ಮೇಲೆ ಗೆರೆ ಹಾಕಿದ ಉದ್ದ ನೋಟ್‌ಬುಕ್. ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದದ್ದು ಇಷ್ಟೇ: ಯಾವ ಕಾಲೇಜು, ಯಾವ ವಿಷಯ, ಮೊದಲ ಅರ್ಜಿ ಯಾವತ್ತು ಕೊಟ್ಟಿರಿ? ಕೇಳಿ ಬರೆದುಕೊಳ್ಳುತ್ತಿದ್ದರು. ಯಾರೋ ಗುಮಾಸ್ತರು ಅಂದುಕೊಂಡೆ. ನಮ್ಮ ಸರದಿ ಬಂದಾಗ ಒಳಗಿನಿಂದ ಒಬ್ಬರು ಫೈಲ್ ತಂದು ಸಹಿ ಕೇಳಿದರು. ಆಗ ಗೊತ್ತಾಯಿತು, ಅವರೇ ಹೊಸದಾಗಿ ಬಂದಿದ್ದ ಮೌಲ್ಯಮಾಪನ ಕುಲಸಚಿವರು, ಅಂದರೆ ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಅಧಿಕಾರಿ.

"ಸಾರ್, ಇವಳದು ಅರ್ಜೆಂಟ್, ಮೊದಲು ಮಾಡಿಕೊಡಿ" ಅಂದೆ. ಅವರು ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಅವಳಿಗಿಂತ ಮೊದಲೇ ಅರ್ಜಿ ಕೊಟ್ಟು ಕಾಯುತ್ತಿದ್ದವರು 37 ಜನ ಇದ್ದರು. "ಇವರ ಜೊತೆ ಮೇಷ್ಟ್ರು ಬಂದಿಲ್ಲ ಅಷ್ಟೇ ಸಾರ್" ಅಂದರು. ನಿಷ್ಠುರದ ಮಾತೇ. ಆದರೆ ಅಲ್ಲಿಗೆ ಬಿಡಲಿಲ್ಲ. ಈ ಅಭ್ಯರ್ಥಿ ಪರೀಕ್ಷೆಗೆ ಹಾಜರಾಗಿದ್ದಾಳೆ, ಫಲಿತಾಂಶದ ತಿದ್ದುಪಡಿ ಪ್ರಗತಿಯಲ್ಲಿದೆ, ಕಾಲಾವಕಾಶ ಕೊಡಬೇಕು ಅಂತ ನೇಮಕಾತಿ ಇಲಾಖೆಗೆ ಅಲ್ಲೇ ಪತ್ರ ಟೈಪ್ ಮಾಡಿಸಿ ಸಹಿ ಹಾಕಿ ಕೊಟ್ಟರು. ಹುಡುಗಿ ಆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು ವಾರದಲ್ಲಿ ಕಾರಣ ಸಿಕ್ಕಿತು. ಉತ್ತರ ಪತ್ರಿಕೆಗಳ ಬಂಡಲ್ ಮೇಲೆ ಪ್ರಶ್ನೆಪತ್ರಿಕೆಯ ಕೋಡ್ ತಪ್ಪಾಗಿ ಬಿದ್ದಿತ್ತು. ಬಂಡಲ್ ಬೇರೆ ವಿಷಯದ ರಾಶಿಗೆ ಹೋಗಿ, ನಮ್ಮದಲ್ಲ ಅಂತ ಮೂಲೆ ಸೇರಿತ್ತು. ಅದರಲ್ಲಿದ್ದದ್ದು 18 ಜನರ ಪತ್ರಿಕೆ. ಹದಿನೆಂಟು ಜನವೂ ಬೇರೆ ಬೇರೆ ದಿನ ಅರ್ಜಿ ಕೊಟ್ಟಿದ್ದರು, ಅವು ಬೇರೆ ಬೇರೆ ಮೇಜಿನ ಮೇಲೆ ಬಿದ್ದಿದ್ದವು. ಪಕ್ಕಪಕ್ಕ ಇಟ್ಟು ನೋಡಿದವರು ಒಬ್ಬರೂ ಇಲ್ಲ. ಆ ನೋಟ್‌ಬುಕ್‌ನಲ್ಲಿ ಕಾಲೇಜುವಾರು ಬರೆದುಕೊಂಡಾಗ ಒಂದೇ ಕಾಲೇಜು, ಒಂದೇ ವಿಷಯ ಅಂತ ಕಣ್ಣಿಗೆ ಬಿತ್ತು. ಇನ್ನೊಂದು ಮಾತು ಹೇಳಲೇಬೇಕು: ಬಂಡಲ್ ಕಟ್ಟಿ ತಪ್ಪು ಕೋಡ್ ಬರೆದದ್ದು ನಮ್ಮ ಕಾಲೇಜಿನಲ್ಲೇ. ಒಂದೂವರೆ ವರ್ಷ ನಾವು ವಿಶ್ವವಿದ್ಯಾಲಯವನ್ನು ಬೈದುಕೊಂಡು ಓಡಾಡಿದ್ದೆವು.

ಅದಾದ ಮೇಲೆ ಅವರು ಮಾಡಿದ ಕೆಲಸ ನೋಡಲು ತೀರಾ ಚಿಕ್ಕದು. ಯಾವ ಅರ್ಜಿ ಬಂದರೂ ಇನ್‌ವರ್ಡ್ ನಂಬರ್ (ಅರ್ಜಿ ಕಚೇರಿಗೆ ಬಂತು ಅಂತ ದಾಖಲಿಸುವ ಸಂಖ್ಯೆ), ತಾರೀಕು, ಕಡತ ನೋಡುವ ಯಾವ ಗುಮಾಸ್ತರ ಮೇಜಿಗೆ ಹೋಯಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಅಷ್ಟೇ. ಆದರೆ ಚೀಟಿ ಕೈಯಲ್ಲಿದ್ದರೆ "ಇನ್ನೊಂದು ಅರ್ಜಿ ಕೊಡಿ" ಅನ್ನಲು ಬರುವುದಿಲ್ಲ. ಜೆರಾಕ್ಸ್ ಅಂಗಡಿ ಮುಂದೆ ನಿಲ್ಲುತ್ತಿದ್ದವನು ನಿಧಾನಕ್ಕೆ ಕಾಣದಾದ.

ಹನ್ನೊಂದು ತಿಂಗಳಿಗೆ ಅವರನ್ನು ಎತ್ತಂಗಡಿ ಮಾಡಿದರು. ಕಾರಣ ಯಾರೂ ಹೇಳಲಿಲ್ಲ. ಬೀಳ್ಕೊಡುಗೆಯೂ ಇರಲಿಲ್ಲ. ಅವತ್ತು ಸಂಜೆ ಸ್ವಂತ ಪುಸ್ತಕಗಳ ಚೀಲವನ್ನು ಅವರೇ ಹೊತ್ತುಕೊಂಡು ಇಳಿದು ಹೋದರಂತೆ.

ಈಗ ಹೇಳಿ, ಇಂಥವರು ನಮ್ಮ ಯಾವ ಲೆಕ್ಕದಲ್ಲಿ ಬರುತ್ತಾರೆ? ಹಗರಣ ಸುದ್ದಿಯಾಗುತ್ತದೆ, ಆಗಲೇಬೇಕು. ಆದರೆ ನಡೆಯದೇ ಹೋದ ಹಗರಣ ಸುದ್ದಿಯಾಗುವುದಿಲ್ಲ. ಟೆಂಡರ್ ಕರೆಯಬೇಕಾದ ಕೆಲಸವನ್ನು ತುಂಡು ತುಂಡು ಮಾಡಿ ಬೇಕಾದವರಿಗೆ ಹಂಚುವ ಫೈಲ್ ಬರುತ್ತದೆ ಅಂದುಕೊಳ್ಳಿ. ಅಥವಾ ಕೆಲಸ ಮುಗಿಸಿ, ಬಿಲ್ ತಂದಿಟ್ಟು, 'ಘಟನೋತ್ತರ ಮಂಜೂರಾತಿ' ಕೊಡಿ ಅನ್ನುತ್ತಾರೆ. ಸರ್ಕಾರಿ ಖರೀದಿಗೆ ಟೆಂಡರ್ ಕರೆಯಬೇಕು ಅನ್ನುವ 1999ರ ಕೆಟಿಪಿಪಿ ಕಾಯ್ದೆಯ 4(ಜಿ) ಹೆಸರು ಹೇಳಿ ವಿನಾಯಿತಿಗೆ ದುಂಬಾಲು ಬೀಳುತ್ತಾರೆ. ಆಗ ಹಣಕಾಸು ಅಧಿಕಾರಿ ಟಿಪ್ಪಣಿ ಹಾಳೆಯಲ್ಲಿ 'ನಿಯಮದಲ್ಲಿ ಅವಕಾಶವಿಲ್ಲ' ಅಂತ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಬಾಯಲ್ಲಿ ಹೇಳುವುದು ಸುಲಭ, ಬರೆದು ಹೇಳುವುದು ಕಷ್ಟ. ಬರೆದ ಮೇಲೆ ಫೋನ್ ಶುರುವಾಗುತ್ತವೆ. ಮನೆಯವರೆಗೂ ಬರುತ್ತವೆ. ಆ ಒಂದು ಸಾಲಿನಿಂದ ಉಳಿದ ದುಡ್ಡು ಯಾವ ವರದಿಯಲ್ಲೂ ಕಾಣುವುದಿಲ್ಲ. ಆ ಸಾಲು ಬರೆದವರಿಗೆ 'ಕೆಲಸಕ್ಕೆ ಅಡ್ಡಿ ಮಾಡುವವರು' ಅನ್ನುವ ಹೆಸರು ಮಾತ್ರ ಉಳಿಯುತ್ತದೆ.

ಕಷ್ಟದಲ್ಲಿರುವ ವಿಶ್ವವಿದ್ಯಾಲಯದಲ್ಲಿ ಆಡಳಿತ ಎಷ್ಟು ಕಠಿಣ ಅನ್ನುವುದೂ ನಮಗೆ ಗೊತ್ತಿರಬೇಕು. ಸರ್ಕಾರದ ಅನುದಾನ ಬಿಟ್ಟರೆ ರಾಜ್ಯ ವಿವಿಗಳಿಗೆ ಆದಾಯ ಬರುವುದು ಮುಖ್ಯವಾಗಿ ಪರೀಕ್ಷಾ ಶುಲ್ಕ ಮತ್ತು ಕಾಲೇಜುಗಳು ವಿವಿಯ ವ್ಯಾಪ್ತಿಗೆ ಸೇರಲು ಕಟ್ಟುವ ಸಂಯೋಜನಾ ಶುಲ್ಕದಿಂದ. 2017ರಲ್ಲಿ ಬೆಂಗಳೂರು ವಿವಿ ಮೂರು ಭಾಗವಾಯಿತು. 2023ರಲ್ಲಿ ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು ಅಂತ ಏಳು ಹೊಸ ವಿವಿಗಳು ಶುರುವಾದವು. ಹಾಸನ, ಚಾಮರಾಜನಗರದ ಕಾಲೇಜುಗಳು ಮೈಸೂರು ವಿವಿಯಿಂದ ಆಚೆ ಹೋದವು, ಕೊಡಗಿನವು ಮಂಗಳೂರಿನಿಂದ. ಕಾಲೇಜುಗಳ ಜೊತೆ ಶುಲ್ಕವೂ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಹಳೆಯ ವಿವಿಗಳ ತಲೆ ಮೇಲೇ ಉಳಿಯಿತು. ಹೊಸದಕ್ಕೆ ಸರಿಯಾದ ದುಡ್ಡಿಲ್ಲ, ಕಾಯಂ ಸಿಬ್ಬಂದಿ ಇಲ್ಲ. 2025ರ ಹೊತ್ತಿಗೆ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿತು. ಈ ನಡುವೆ 2021ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂತು, ನಾಲ್ಕು ವರ್ಷದ ಪದವಿ ಬಂತು, ಪ್ರವೇಶದಿಂದ ಫಲಿತಾಂಶದವರೆಗೆ ನೋಡಿಕೊಳ್ಳುವ ಯುಯುಸಿಎಂಎಸ್ ಅನ್ನುವ ಹೊಸ ತಂತ್ರಾಂಶ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಮೂರು ಬಗೆಯ ಪಠ್ಯಕ್ರಮದ ಹುಡುಗರು ಒಂದೇ ಸಮಯಕ್ಕೆ ಪರೀಕ್ಷೆ ಬರೆಯುವಾಗ ಒಳಗೆ ಕೂತು ಫಲಿತಾಂಶ ಹೊಂದಿಸುವವರ ಪಾಡು ಹೊರಗಿನವರಿಗೆ ತಿಳಿಯುವುದಿಲ್ಲ.

ಆಡಳಿತ ದಾರಿ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ಬೇರೆ ಕಡೆ ಹೋಗಬೇಕಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಥೆ ನಮ್ಮ ಕಣ್ಣ ಮುಂದೆಯೇ ನಡೆಯಿತು. ವ್ಯಾಪ್ತಿ ಮೀರಿ ಹೊರರಾಜ್ಯಗಳಲ್ಲೂ ಅಧ್ಯಯನ ಕೇಂದ್ರ ತೆರೆದರು ಅನ್ನುವ ಕಾರಣಕ್ಕೆ 2015ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂದಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡವರು ಹಗಲು ದುಡಿದು ರಾತ್ರಿ ಓದಿದ ಜನ. ಆ ಮಾನ್ಯತೆ ಮರಳಿ ತರಲು ಕಡತ ಹಿಡಿದು ಓಡಾಡಿದವರು, ದಾಖಲೆ ಹೊಂದಿಸಿದವರು ಅದೇ ಸಂಸ್ಥೆಯ ಒಳಗೇ ಇದ್ದರಲ್ವಾ? ಅವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ದೊಡ್ಡವರನ್ನು ನಾವು ಮರೆತಿಲ್ಲ, ಅದು ಸಂತೋಷ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿ ಕರ್ನಾಟಕ ವಿಶ್ವವಿದ್ಯಾಲಯವನ್ನು ನಡೆಸಿದರು. ಧಾರವಾಡದ ಆ ಆವರಣದ ವಿಳಾಸವೇ ಇವತ್ತು ಪಾವಟೆ ನಗರ. ಕುವೆಂಪು ಅವರು ಮೈಸೂರಿನಲ್ಲಿ ಕುಲಪತಿಯಾಗಿದ್ದದ್ದು 1956ರಿಂದ 1960ರವರೆಗೆ, ನಾಲ್ಕೇ ವರ್ಷ. ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಅವರೇ. ಪಾವಟೆಯವರಿಗೆ ಹದಿಮೂರು ವರ್ಷ ಸಿಕ್ಕಿತು, ಕುವೆಂಪು ಅವರಿಗೆ ನಾಲ್ಕು ವರ್ಷ ಪೂರ್ತಿ ಸಿಕ್ಕಿತು. ನಮ್ಮ ನೋಟ್‌ಬುಕ್ ಸಾಹೇಬರಿಗೆ ಸಿಕ್ಕಿದ್ದು ಹನ್ನೊಂದು ತಿಂಗಳು. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಕುಲಪತಿಗೆ ನಾಲ್ಕು ವರ್ಷದ ಅವಧಿ ಇದೆ. ಕುಲಸಚಿವರನ್ನು, ಹಣಕಾಸು ಅಧಿಕಾರಿಯನ್ನು ಸರ್ಕಾರ ಹಾಕುತ್ತದೆ, ಬೇಕೆಂದಾಗ ತೆಗೆಯುತ್ತದೆ. ನನ್ನ ಅನುಭವದಲ್ಲಿ ಯಾರನ್ನು ಬೇಗ ತೆಗೆಯುತ್ತಾರೆ ಅನ್ನುವುದನ್ನು ನೋಡಿಯೇ ಅವರು ಏನು ಮಾಡಲು ಹೊರಟಿದ್ದರು ಅಂತ ಅರ್ಧ ಊಹಿಸಬಹುದು.

ಇನ್ನೊಂದು ಕಹಿ ವಿಷಯ. ನಾವು ಆಡಳಿತಗಾರರನ್ನು ಗುರುತಿಸುವುದೇ ಇಲ್ಲ ಅಂತೇನಿಲ್ಲ, ಗುರುತಿಸುತ್ತೇವೆ. ಜಾತಿಯಿಂದ ಗುರುತಿಸುತ್ತೇವೆ. ಕುಲಪತಿ ನೇಮಕವಾದ ಮರುದಿನವೇ ಈ ಸಲ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಅನ್ನುವ ಲೆಕ್ಕ ಶುರು. ಒಂದು ದಿನ ಕುರ್ಚಿಯಲ್ಲಿ ಕೂರುವ ಮೊದಲೇ ಗೇಟಿನ ಮುಂದೆ ಅಭಿನಂದನೆಯ ಫ್ಲೆಕ್ಸ್. ಶಾಲು, ಹಾರ, ಪೇಟ ಎಲ್ಲ ಮೊದಲ ವಾರದಲ್ಲೇ ಖರ್ಚಾಗುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಏನು ಮಾಡಿದರು ಅಂತ ಕೇಳಲು ಯಾರೂ ಬರುವುದಿಲ್ಲ. 'ನಮ್ಮವರು' ತಪ್ಪು ಮಾಡಿದರೆ ಸುಮ್ಮನಿರುತ್ತೇವೆ. 'ಅವರ ಕಡೆಯವರು' ಒಳ್ಳೆಯದು ಮಾಡಿದರೂ ಸುಮ್ಮನಿರುತ್ತೇವೆ. ಈ ವಿಷಯದಲ್ಲಿ ನಾವು ಮೇಷ್ಟ್ರುಗಳು ಯಾರಿಗೂ ಕಡಿಮೆ ಇಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಕೇಳಿದವನು ನಾನು.

ಹಾಗಾಗಿ ವಿಶ್ವವಿದ್ಯಾಲಯಗಳು 'ಉತ್ತಮ ಆಡಳಿತಗಾರ' ಅಂತ ಹೊಸ ಪ್ರಶಸ್ತಿ ಶುರು ಮಾಡಲಿ ಅಂತ ನಾನು ಕೇಳುವುದಿಲ್ಲ. ಅದು ಮೂರನೇ ವರ್ಷಕ್ಕೆ ಸರದಿ ಪ್ರಕಾರ ಹಂಚುವ ಪ್ರಶಸ್ತಿಯಾಗುತ್ತದೆ. ನನಗೆ ಬೇಕಾಗಿರುವುದು ಬರವಣಿಗೆಯಲ್ಲಿ ಉಳಿಯುವ ಗುರುತು. ತಪ್ಪು ಮಾಡಿದರೆ ನೌಕರರ ಸೇವಾ ಪುಸ್ತಕದಲ್ಲಿ ನಮೂದಾಗುತ್ತದಲ್ವಾ? ಒಳ್ಳೆಯದು ಮಾಡಿದಾಗಲೂ ನಮೂದಾಗಲಿ. ಇಂಥ ಬಂಡಲ್ ಹುಡುಕಿದರು, ಇಂಥ ಬಿಲ್ ತಡೆದರು ಅಂತ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ನಡಾವಳಿಯಲ್ಲಿ ಒಂದು ಸಾಲು ಬರಲಿ. ಯಾರಾದರೂ ಅವರನ್ನು ರಾತ್ರೋರಾತ್ರಿ ಎತ್ತಂಗಡಿ ಮಾಡಲು ಹೊರಟರೆ ಆ ಸಾಲು ಅಡ್ಡ ನಿಲ್ಲುತ್ತದೆ. ಕಡೇಪಕ್ಷ ಪ್ರಶ್ನೆಯನ್ನಾದರೂ ಎಬ್ಬಿಸುತ್ತದೆ.

ನಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಕೆಲಸ ಆಗದಿದ್ದರೆ ನಾವು ದೂರು ಬರೆಯುತ್ತೇವೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇವೆ, ಹಾಕಬೇಕು ಕೂಡ. ಕೆಲಸ ಆದಾಗ "ಥ್ಯಾಂಕ್ಸ್ ಸಾರ್" ಅಂದು ಬಸ್ ಹತ್ತುತ್ತೇವೆ. ಮಾಡಿದವರ ಹೆಸರು, ತಾರೀಕು, ಏನು ಮಾಡಿದರು ಅನ್ನುವುದನ್ನು ಬರೆದು ಕುಲಪತಿಗಳಿಗೆ ಒಂದು ಕಾಗದ ಹಾಕಿದವರನ್ನು ಈ 22 ವರ್ಷದಲ್ಲಿ ನಾನು ನೋಡಿಲ್ಲ. ನಾನೂ ಹಾಕಿರಲಿಲ್ಲ. ಆ ಸಾಹೇಬರು ಹೋದಾಗ ನಾನು ಒಂದು ಪತ್ರ ಬರೆಯಬಹುದಿತ್ತು. ನಮ್ಮ ಆ ಹದಿನೆಂಟು ಹುಡುಗರ ಸಹಿ ಹಾಕಿಸಬಹುದಿತ್ತು. ಮಾಡಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಅವರು ಹೋದ ಮೇಲೆ ಆ ಚೀಟಿ, ನೋಟ್‌ಬುಕ್ ಪದ್ಧತಿ ನಿಂತು ಹೋಗುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ವಿಭಾಗದ ಸೂಪರಿಂಟೆಂಡೆಂಟ್ ಮೇಡಂ ಅದನ್ನು ಬಿಡದೆ ನಡೆಸಿಕೊಂಡು ಬಂದರು. ಯಾರ ಆದೇಶವೂ ಇರಲಿಲ್ಲ. ಒಂದು ನೋಟ್‌ಬುಕ್ ತುಂಬಿದರೆ ತಾವೇ ದುಡ್ಡು ಕೊಟ್ಟು ಇನ್ನೊಂದು ತರುತ್ತಿದ್ದರು. ಹೋದ ತಿಂಗಳು ನೋಡಿದೆ, ಒಂಬತ್ತನೆಯದು ನಡೆಯುತ್ತಿತ್ತು. ರಟ್ಟಿನ ಮೇಲೆ ವರ್ಷ ಬರೆದು, ಹಳೆಯ ಎಂಟನ್ನೂ ದಾರದಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದಾರೆ. "ಯಾವ ಮಗು ಯಾವಾಗ ಕೇಳಿಕೊಂಡು ಬರುತ್ತೋ ಸಾರ್, ಇರಲಿ" ಅಂದರು.

ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಹೆಸರು ಹಾಕಿ, ಒಂಬತ್ತು ನೋಟ್‌ಬುಕ್ಕಿನ ಕಥೆ ಬರೆದು, ಸಿಂಡಿಕೇಟ್ ಮುಂದೆ ಇಡಬೇಕು ಅಂತ ಕೋರಿ ಎರಡು ಪುಟದ ಪತ್ರ ಸಿದ್ಧ ಮಾಡಿದ್ದೇನೆ. ಆ ವಿದ್ಯಾರ್ಥಿನಿ ಈಗ ಸರ್ಕಾರಿ ಕೆಲಸದಲ್ಲಿದ್ದಾಳೆ, ಅವಳೂ ಸಹಿ ಹಾಕಿದ್ದಾಳೆ. ಆ ಬ್ಯಾಚಿನ ಇನ್ನೂ ಹನ್ನೊಂದು ಜನ ಸಿಕ್ಕಿದ್ದಾರೆ. ಸೋಮವಾರ ಟಪಾಲು ವಿಭಾಗಕ್ಕೆ ಹೋಗಿ ಕೊಟ್ಟು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬರುತ್ತೇನೆ.