ಅಜಿ೯ಗೊಂದು ಆಪರೇಟಿಂಗ್ ಸಿಸ್ಟಂ

ನಮ್ಮ ಬೀದಿಯ ಪಾರ್ಕಿಗೆ ಬೀಗ ಹಾಕಿ ಆರು ತಿಂಗಳಾಯಿತು. ತೆಗೆಸಿ ಅಂತ ಒಂದು ಅರ್ಜಿ ಕೊಡಬೇಕಿತ್ತು. ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ಪ್ರಿಂಟ್ ತೆಗೆಸಲು ಕೋರ್ಟ್ ಹಿಂದಿನ ಡಿಟಿಪಿ ಅಂಗಡಿಗೆ ಹೋದೆ. ಅಂಗಡಿಯವರು ಫೈಲ್ ತೆರೆದರು. ಪರದೆ ತುಂಬ ಬರೀ ಚೌಕಗಳು. ನನ್ನ ಇಡೀ ಅಹವಾಲು ಖಾಲಿ ಸೈಟುಗಳ ಲೇಔಟ್ ಥರ ಕಾಣುತ್ತಿತ್ತು.

"ಇದು ಯಾವ ಕನ್ನಡ ಸಾರ್?" ಅಂದರು.

"ಯೂನಿಕೋಡ್" ಅಂದೆ. ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗಲಿ ಅಂತ ಮಾಡಿದ ಅಕ್ಷರ ಸಂಕೇತ ಅದು.

"ಅಯ್ಯೋ, ಅದು ನಮ್ಮಲ್ಲಿ ಬರಲ್ಲ. ಹೇಳ್ತಾ ಹೋಗಿ, ಹೊಡ್ಕೊಡ್ತೀನಿ."

ನಾನು ಹೇಳಿದೆ, ಅವರು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನ ಹಳೇ ಅಕ್ಷರಗಳಲ್ಲಿ ಹೊಡೆದರು. ಕೀಬೋರ್ಡ್ ಮೇಲಿನ ಅಕ್ಷರಗಳು ಎಂದೋ ಸವೆದುಹೋಗಿದ್ದವು. ಅವರು ಆ ಕಡೆ ಒಮ್ಮೆಯೂ ನೋಡಲಿಲ್ಲ. ಎಡಗಡೆ ಟೀ ಲೋಟ, ಬಲಗಡೆ ಯಾರದೋ ಮದುವೆ ಕಾರ್ಡಿನ ಪ್ರೂಫು, ನಡುವೆ ನನ್ನ ಪಾರ್ಕು.

ಅವರ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಅದರ ಮಡಿಲಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7. ಎರಡೂ 2001ರ ಕೂಸುಗಳು. ಅಡೋಬಿ 2004ರಲ್ಲೇ ಪೇಜ್‌ಮೇಕರ್ ಕೈಬಿಟ್ಟಿತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಋಣ ಹರಿದುಕೊಂಡಿತು. ಹೆತ್ತವರು ಬಿಟ್ಟ ಎರಡೂ ಮಕ್ಕಳನ್ನು ಈ ಮನುಷ್ಯ ಸಾಕುತ್ತಿದ್ದಾರೆ. ವೈರಸ್ ಭಯ ಇಲ್ವಾ ಅಂದರೆ, "ನೆಟ್ ಕೊಟ್ರೆ ತಾನೇ ಸಾರ್?" ಅನ್ನುತ್ತಾರೆ. ಹಾಗನ್ನುತ್ತಲೇ ಊರವರೆಲ್ಲರ ಪೆನ್‌ಡ್ರೈವ್ ಚುಚ್ಚುತ್ತಿರುತ್ತಾರೆ.

ಪಕ್ಕದಲ್ಲೇ ವಿಂಡೋಸ್ 11ರ ಹೊಸ ಕಂಪ್ಯೂಟರೂ ಇದೆ. ಪರದೆಯ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಆಯುಧಪೂಜೆಗೆ ಇಟ್ಟ ಕುಂಕುಮ ಮಾತ್ರ ಹಾಗೇ ಇದೆ. "ಹಳೇದನ್ನ ತೆಗೆದುಬಿಡಿ ಇವರೇ" ಅಂದೆ. "ಯಾಕೆ ಸಾರ್, ಪಾಪ, ಅದೇನು ತಪ್ಪು ಮಾಡಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯ ಗಟ್ಟಿಮುಟ್ಟಾದ ಕಂಪ್ಯೂಟರ್ ಏನು ತಪ್ಪು ಮಾಡಿತ್ತು ಹೇಳಿ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಪುಕ್ಕಟೆ ಆರೈಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕಂತೆ, ಇದರಲ್ಲಿ ಅದಿಲ್ಲ. ಉಳುತ್ತಿದ್ದ ಎತ್ತಿನ ಕಿವಿಯಲ್ಲಿ ಟ್ಯಾಗ್ ಇಲ್ಲ ಅಂತ ನೊಗ ಬಿಚ್ಚಿಸಿದ ಹಾಗಾಯಿತು.

ಆ ಎತ್ತಿಗೆ ಅಕ್ಕನ ಮಗ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. "ಮಾಮ, ಒಂದು ಪೈಸೆ ಖರ್ಚಿಲ್ಲ" ಅಂದ. ಮೊದಲ ಭಾನುವಾರ ಲಿನಕ್ಸ್ ಬಂತು. ಎರಡನೇ ಭಾನುವಾರ ಸೌಂಡ್ ಬಂತು. ಮೂರನೆಯದು ಪ್ರಿಂಟರಿಗೆ ಹೋಯಿತು. ಅವನದು ಬೇರೆಯೇ ಜಾತಿ. ಅವನಿಗೆ ಕಂಪ್ಯೂಟರಲ್ಲಿ ಕೆಲಸ ಇರುವುದಿಲ್ಲ, ಕಂಪ್ಯೂಟರೇ ಕೆಲಸ. ಹಾಗಂತ ಲಿನಕ್ಸನ್ನು ಬೈಯುವಂತಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಸುಮಾರು ಎರಡು ದಶಕದಿಂದ ಅದರಲ್ಲೇ ಕಲಿಯುತ್ತಿದ್ದಾರೆ, ಕಾಸರಗೋಡಿನ ಕನ್ನಡ ಮಕ್ಕಳೂ ಸೇರಿ. ಅದು ಕಷ್ಟ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮ್ಯಾಕ್ ಬಗ್ಗೆ ಜಾಸ್ತಿ ಹೇಳಲಾರೆ. ನಮ್ಮ ಆಫೀಸಿನಲ್ಲಿ ಒಬ್ಬರ ಹತ್ತಿರ ಇದೆ. ಅದನ್ನು ಪ್ರೊಜೆಕ್ಟರಿಗೆ ಸಿಕ್ಕಿಸಲು ನಡುವೆ ಡಾಂಗಲ್ ಎಂಬ ತುಂಡು ಬೇಕು. ಪ್ರತಿ ಮೀಟಿಂಗೂ "ಯಾರ ಹತ್ರಾನಾದ್ರೂ ಡಾಂಗಲ್ ಇದೆಯಾ?" ಎಂಬ ಪ್ರಾರ್ಥನೆಯಿಂದ ಶುರುವಾಗುತ್ತದೆ.

ಇರಲಿ, ಪಾರ್ಕಿಗೆ ಬರೋಣ. ಪ್ರಿಂಟ್ ತೆಗೆದುಕೊಂಡು ಕಚೇರಿಗೆ ಹೋದೆ. ಕೇಸ್ ವರ್ಕರ್ ಕಣ್ಣಾಡಿಸಿ, "ಸಾಫ್ಟ್ ಕಾಪಿ ಕೊಡಿ. ಯೂನಿಕೋಡ್‌ನಲ್ಲೇ ಇರ್ಬೇಕು, ಪೋರ್ಟಲ್ ಬೇರೇದು ತಗೊಳ್ಳಲ್ಲ" ಅಂದರು. ನನಗೆ ಖುಷಿಯಾಯಿತು. ಜೇಬಿನಿಂದ ಪೆನ್‌ಡ್ರೈವ್ ತೆಗೆದೆ.

"ಇದು ಆಗಲ್ಲ. ಪ್ರಿಂಟ್‌ಗೂ ಸಾಫ್ಟ್ ಕಾಪಿಗೂ ತಾಳೆ ಆಗ್ಬೇಕಲ್ವಾ? ಟೈಪ್ ಮಾಡಿದವ್ರ ಹತ್ರಾನೇ ಕನ್ವರ್ಟ್ ಮಾಡಿಸ್ಕೊಂಡು ಬನ್ನಿ."

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದೆ. ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದೂ ಅದೇ ವರ್ಷ. ಈಗ ಯಾವ ಸಿಸ್ಟಂ ಕೊಂಡರೂ ಅದಕ್ಕೆ ಕನ್ನಡ ಬರುತ್ತದೆ. ನಾನು ಯೂನಿಕೋಡ್‌ನಲ್ಲಿ ಬರೆದದ್ದನ್ನು ನುಡಿಗೆ ಹೊಡೆಸಿ, ಅದನ್ನು ಮತ್ತೆ ಯೂನಿಕೋಡ್ ಮಾಡಿಸಲು ಅಂಗಡಿಗೆ ನಡೆದೆ.

ಕನ್ವರ್ಟರ್ ಎಲ್ಲವನ್ನೂ ಸರಿಯಾಗಿಯೇ ತಿರುಗಿಸಿತು, ಅರ್ಕಾವೊತ್ತು ಒಂದು ಬಿಟ್ಟು. ಅದು ಒಂಬತ್ತರ ಥರ ಕಾಣುತ್ತದಲ್ಲ, ಒಂಬತ್ತೇ ಆಗಿಬಿಟ್ಟಿತು. ಅರ್ಜಿ 'ಅಜಿ೯' ಆಯಿತು. ಕರ್ನಾಟಕ 'ಕನಾ೯ಟಕ' ಆಯಿತು. ಪಾರ್ಕು 'ಪಾಕು೯'. ಕೇಸ್ ವರ್ಕರಿಗೆ ತೋರಿಸಿದರೆ, "ಎಲ್ಲರದ್ದೂ ಹೀಗೇ ಬರುತ್ತೆ, ಬಿಡಿ" ಅಂತ ಅಪ್‌ಲೋಡ್ ಮಾಡಿಕೊಂಡರು.

ಹದಿನೈದು ದಿನ ಬಿಟ್ಟು ಪೋರ್ಟಲಿನಲ್ಲಿ 'ಪಾರ್ಕು' ಅಂತ ಹುಡುಕಿದೆ. ಯಾವುದೇ ದಾಖಲೆ ಇಲ್ಲ ಅಂದಿತು. ಡಿಟಿಪಿ ಅಂಗಡಿಗೆ ಫೋನ್ ಮಾಡಿದೆ.

"ಒಂಬತ್ತು ಹಾಕಿ ನೋಡಿ ಸಾರ್."

ಹಾಕಿದೆ. ಬಂತು.