ಮೀನಿನ ಟೆಂಪೊ ಹತ್ತಿದ ಸೈಕಲ್

ಡಾಕ್ಟರು ಹೇಳಿದ್ದು "ದಿನಾ ಸ್ವಲ್ಪ ನಡೆಯಿರಿ" ಅಂತ. ನಾನು ಸೈಕಲ್ ತೆಗೆದುಕೊಂಡೆ. ನಡೆಯಲು ಬರೀ ಕಾಲು ಸಾಕು, ಅದರಲ್ಲಿ ಗತ್ತು ಎಲ್ಲಿದೆ? ಸೈಕಲ್ ಅಂದರೆ ಹೆಲ್ಮೆಟ್, ಗ್ಲೌಸ್, ಹಿಂದೆ ಮಿಣುಕುವ ಕೆಂಪು ದೀಪ, ಸೀಟಿನ ಜಾಗಕ್ಕೆ ಸ್ಪಂಜು ಹೊಲಿದ ಚಡ್ಡಿ. ಆ ಚಡ್ಡಿಯನ್ನು ಮೊದಲ ಸಲ ಒಗೆದು ಹಾಕಿದ ದಿನ ಹೆಂಡತಿ, "ಇದನ್ನು ಎದುರಿನ ಅಂಗಳದಲ್ಲೇ ಒಣಗಿಸಬೇಕಾ?" ಎಂದಳು. ಅಂದಿನಿಂದ ಅದು ಹಿತ್ತಲಿನಲ್ಲಿ, ಬಾಳೆಗಿಡದ ಮರೆಯಲ್ಲಿ ಒಣಗುತ್ತದೆ.

ಸೈಕಲ್ಲಿಗೆ ಗೇರು 24 ಉಂಟು. ನನಗೆ ಗೊತ್ತಿರುವುದು ಮೂರು. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಗೇರು ಇಳಿಸುತ್ತಾ, ಇಳಿಸುತ್ತಾ, ಕೊನೆಗೆ ನಾನೇ ಇಳಿದುಬಿಡುತ್ತೇನೆ. ಹಾಗಾಗಿ ನನ್ನ ಸವಾರಿ ಏನಿದ್ದರೂ ಪಶ್ಚಿಮಕ್ಕೆ. ಮಲ್ಪೆ, ಪಡುಕೆರೆ, ಮಟ್ಟು. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಸಪಾಟು ರಸ್ತೆ. ಬೇಕಾದರೆ ಕಾಪುವಿನ ದೀಪಸ್ತಂಭದವರೆಗೂ ಹೋಗಬಹುದು. ಅದು 1901ರದ್ದು. ಅಷ್ಟು ವರ್ಷ ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿದೆ. ನನ್ನ ಸೈಕಲ್ಲಿನ ಚೈನು ಮೂರು ತಿಂಗಳು ನಿಲ್ಲಲಿಲ್ಲ.

"ತಿಂಗಳಿಗೊಮ್ಮೆ ಎಣ್ಣೆ ಬಿಟ್ಟರೆ ಸಾಕು" ಎಂದು ಬೆಂಗಳೂರಿನ ಗೆಳೆಯ ಫೋನಿನಲ್ಲಿ ಹೇಳಿದ್ದ. ಅವನಿಗೇನು, ಅವನಿಗೆ ಸಮುದ್ರ ಇಲ್ಲ. ನಮ್ಮಲ್ಲಿ ಎರಡು ದಿನ ಜಗಲಿಯಲ್ಲಿ ಇಟ್ಟರೆ ಚೈನು ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದ ವಿಷಯ ಬಿಡಿ. ಜೂನ್ 3ನ್ನು ವಿಶ್ವ ಸೈಕಲ್ ದಿನ ಅಂತ 2018ರಲ್ಲಿ ವಿಶ್ವಸಂಸ್ಥೆ ಘೋಷಿಸಿತು. ಆ ಸಭೆಯಲ್ಲಿ ಕರಾವಳಿಯವರು ಒಬ್ಬರೂ ಇದ್ದಿರಲಿಕ್ಕಿಲ್ಲ. ಇದ್ದಿದ್ದರೆ ಡಿಸೆಂಬರಿಗೆ ಹಾಕಿ ಎನ್ನುತ್ತಿದ್ದರು.

ಒಂದು ಸಲ ಚೈನಿನ ಎಣ್ಣೆ ಮುಗಿದಿತ್ತು. ಅಡುಗೆಮನೆಯ ತೆಂಗಿನೆಣ್ಣೆ ಬಿಟ್ಟೆ. ಇದು ತಪ್ಪು ಅಂತ ಬಲ್ಲವರು ಹೇಳುತ್ತಾರೆ. ಧೂಳು ಅಂಟುತ್ತದಂತೆ, ಚಳಿಗೆ ಗಟ್ಟಿಯಾಗುತ್ತದಂತೆ. ಎರಡೂ ನಿಜ. ಆದರೆ ಕಿರಿಕಿರಿ ಸದ್ದು ಆ ಕ್ಷಣಕ್ಕೇ ನಿಂತಿತು. ಪೆಡಲ್ ತುಳಿದಾಗಲೆಲ್ಲ ಹಪ್ಪಳ ಕರಿದ ಹಾಗೆ ಒಂದು ಪರಿಮಳ ಬೇರೆ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಮಟ್ಟುವಿನ ಹತ್ತಿರ ಹಿಂದಿನ ಚಕ್ರ ಉಸ್ಸೆಂದಿತು. ಮರುವಾಯಿ ಚಿಪ್ಪಿನ ಚೂರು. ಟೂಲ್ ಕಿಟ್ಟು ಮನೆಯಲ್ಲಿ ಭದ್ರವಾಗಿತ್ತು. ಬದಿಯ ಗುಳ್ಳದ, ಅಂದರೆ ಬದನೆಯ, ಗದ್ದೆಯಲ್ಲಿ ಅಜ್ಜಿಯೊಬ್ಬರು ಬಗ್ಗಿ ಕೆಲಸ ಮಾಡುತ್ತಿದ್ದರು. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ ಮಟ್ಟು ಗುಳ್ಳದ ಗದ್ದೆ ಅದು. ಅಜ್ಜಿ ಸೊಂಟ ನೆಟ್ಟಗೆ ಮಾಡಿ ನನ್ನನ್ನೂ ಸೈಕಲನ್ನೂ ನೋಡಿದರು.

"ಗಾಳಿ ಹೋಯ್ತಾ ಮಗಾ?"

"ಹೌದಜ್ಜಿ."

"ಗೇರು ಉಂಟಲ್ಲ, ಆದ್ರೂ ಹೋಗ್ತದಾ?"

ಉತ್ತರ ಹೊಳೆಯದೆ ಕಟಪಾಡಿಯವರೆಗೆ ತಳ್ಳಿದೆ. ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವವರು ಸಿಕ್ಕಿದರು. ಒಳ್ಳೆಯ ಕೆಲಸಗಾರರು. ಟ್ಯೂಬನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ, ಉಳಿದಿದ್ದ ಚೂರು ಗಾಳಿಯನ್ನೇ ಹಿಂಡಿ ಗುಳ್ಳೆ ಹಿಡಿದರು. ಒರಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು ತೇಪೆ ಒತ್ತಿದರು. ಆಮೇಲೆ ಕಂಪ್ರೆಸರ್ ಪೈಪು ಹಿಡಿದುಕೊಂಡು ಅಲ್ಲೇ ನಿಂತರು.

"ಇದೆಂತ ಮಾರಾಯ್ರೆ, ಇದಕ್ಕೆ ಬಾಯೇ ಇಲ್ವಲ್ಲ!"

ನನಗೆ ಪಾಠ ಮಾಡುವ ಹುಕಿ ಬಂತು. ಇದು ಪ್ರೆಸ್ಟಾ ವಾಲ್ವ್. ಸಪೂರ, 6 ಮಿಲಿಮೀಟರ್. ನಿಮ್ಮ ಪೈಪು 8 ಮಿಲಿಮೀಟರಿನದ್ದಕ್ಕೆ. ತುದಿಯ ನಟ್ಟು ಸಡಿಲ ಮಾಡಿ ಒತ್ತಿದರೆ ಮಾತ್ರ ಬಾಯಿ ತೆರೆಯುತ್ತದೆ. ಇದು ಫ್ರಾನ್ಸಿನ ಪದ್ಧತಿ.

"ಹಾಗಾದ್ರೆ ಗಾಳಿ ಹಾಕಿಸ್ಲಿಕ್ಕೆ ಫ್ರಾನ್ಸಿಗೆ ಹೋಗ್ಬೇಕಾ?"

ಫ್ರಾನ್ಸ್ ಬೇಡ, ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಸಾಕು. ಅದೂ ಮನೆಯ ಕಿಟ್ಟಿನಲ್ಲೇ ಇತ್ತು. ಇರಲಿ, ನೋಡೋಣ ಎಂದು ನಾನೇ ಪೈಪು ತೆಗೆದುಕೊಂಡು ವಾಲ್ವಿಗೆ ಅಮುಕಿ ಹಿಡಿದೆ. ಟಕ್ ಅಂತ ಒಂದು ಸದ್ದು. ವಾಲ್ವಿನ ತುದಿ ನನ್ನ ಅಂಗೈಯಲ್ಲಿತ್ತು.

"ನಾನು ಮುಟ್ಟಿಲ್ಲ ಆಯ್ತಾ" ಎಂದರು ಅವರು. ತೇಪೆಯ ದುಡ್ಡು ಮಾತ್ರ ತೆಗೆದುಕೊಂಡರು. ತೇಪೆ ಈಗಲೂ ಗಟ್ಟಿಯಾಗಿದೆ. ಟ್ಯೂಬಿಗೆ ಗಾಳಿ ಹಾಕುವ ದಾರಿ ಮಾತ್ರ ಇಲ್ಲ.

ಅಷ್ಟರಲ್ಲಿ ಅವರೇ ಕೈ ಅಡ್ಡ ಹಿಡಿದು ಮಲ್ಪೆಗೆ ಹೊರಟಿದ್ದ ಮೀನಿನ ಟೆಂಪೊ ನಿಲ್ಲಿಸಿದರು. ಮೀನು ಇಳಿಸಿಯಾಗಿತ್ತು, ಖಾಲಿ ಪೆಟ್ಟಿಗೆಗಳಿದ್ದವು. ಸೈಕಲ್ ಅವುಗಳ ಮೇಲೆ ಅಂಗಾತ ಮಲಗಿತು. ಡ್ರೈವರಣ್ಣ ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲಿ ಇಳಿಸಿ, ದುಡ್ಡು ಬೇಡವೇ ಬೇಡ ಎಂದು ಹೋದರು. ಪೆಟ್ಟಿಗೆಯ ತಳದಲ್ಲಿದ್ದ ಐಸಿನ ನೀರೆಲ್ಲ ಚೈನಿಗೂ ಸೀಟಿಗೂ ಇಳಿದದ್ದು ನನಗೆ ಗೊತ್ತಾದದ್ದು ತಳ್ಳಿಕೊಂಡು ಮನೆಗೆ ಹೊರಟ ಮೇಲೆ, ಹಿಂದಿನಿಂದ ಮೂರು ಬೆಕ್ಕು ಬರುವಾಗ.

ನಮ್ಮದು ಮೀನು ತಿನ್ನುವ ಮನೆಯಲ್ಲ. ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಸಾಬೂನಿಗೆ ವಾಸನೆ ಬಗ್ಗಲಿಲ್ಲ. ಪಕ್ಕದ ಮನೆಯ ಅಕ್ಕ ಇದರಲ್ಲಿ ಅನುಭವಸ್ಥರು. ಬೇಲಿಯಾಚೆಯಿಂದಲೇ ಹೇಳಿಕೊಟ್ಟರು: ಹುಣಸೆಹುಳಿ ಉಜ್ಜಿ, ಅರಸಿನ ಹಚ್ಚಿ, ಲಿಂಬೆ ಹಿಂಡಿ. ನಾನು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದೆ. ತುಕ್ಕು ಹಿಡಿಯಬಾರದಲ್ಲ ಅಂತ ಕೊನೆಗೆ ಚೈನಿಗೆ ಎರಡು ಚಮಚ ತೆಂಗಿನೆಣ್ಣೆಯನ್ನೂ ಬಿಟ್ಟೆ. ಬೆಕ್ಕುಗಳು ಈಗ ಐದಾಗಿ, ಸುತ್ತ ಪಂಕ್ತಿ ಹಿಡಿದು ಕುಳಿತಿದ್ದವು.

ಅಕ್ಕ ಬೇಲಿಯಿಂದ ಇಣುಕಿ, ಮೇಲಿಂದ ಕೆಳಗೆ ಸೈಕಲ್ ನೋಡಿದರು.

"ಆಯ್ತಲ್ಲ, ಇನ್ನು ಮೆಣಸು ಅರೆದು ಹಾಕಿದ್ರೆ ಒಲೆ ಮೇಲಿಡ್ಬಹುದು."